ಹಸಿರು ಅಕ್ಷರಗಳ ಹಿಂದಿರುವ ಚಿಪ್

ದಾವಣಗೆರೆಯ ಮಂಡಿಪೇಟೆಯಲ್ಲಾಗಲಿ ಹರಿಹರದ ಅಂಗಡಿಗಳಲ್ಲಾಗಲಿ, ಹಳೆಯ ಬಿಲ್ಲಿಂಗ್ ಕೌಂಟರುಗಳ ಮೇಲೆ ಗ್ರಾಹಕನತ್ತ ಮುಖ ಮಾಡಿ ನೀಲಿ ಬೆರೆತ ಹಸಿರು ಬೆಳಕಿನಲ್ಲಿ ಮೊತ್ತವನ್ನು ತೋರುವ ಫಲಕ ವರ್ತಕರಿಗೆ ಪರಿಚಿತವೇ. ಕೆಲವು ತೂಕದ ಯಂತ್ರಗಳಲ್ಲಿಯೂ ಇದೇ ಬೆಳಕು ಕಾಣುತ್ತದೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಂದಿನಿಂದ ಲೇತ್ ಯಂತ್ರದ ಒಳಹೊರಗು ಬಲ್ಲವರಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಆದರೆ ಇಂತಹ ಫಲಕ ಮಂಕಾದೊಡನೆ ‘ಬೋರ್ಡೇ ಹೋಗಿದೆ’ ಎಂಬ ಮಾತನ್ನು ನಂಬಿ ಹಣ ತೆರುವವರೇ ಹೆಚ್ಚು. ಒಳಗಿನ ವ್ಯವಸ್ಥೆ ತಿಳಿದಿದ್ದರೆ ಈ ವೆಚ್ಚ ಎಷ್ಟೋ ಸಲ ತಪ್ಪುತ್ತದೆ.

ಇದು ನಿರ್ವಾತ ಪ್ರತಿದೀಪ್ತಿ ಫಲಕ. ಜಪಾನಿನ ಇಸೆ ಎಲೆಕ್ಟ್ರಾನಿಕ್ಸ್ ಸಂಸ್ಥೆ 1960ರ ದಶಕದಲ್ಲಿ ಇದನ್ನು ರೂಪಿಸಿತು. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಕೂದಲೆಳೆಯಂತಹ ಟಂಗ್‌ಸ್ಟನ್ ತಂತಿ ಕಾದು ಎಲೆಕ್ಟ್ರಾನುಗಳನ್ನು ಹೊರಸೂಸುತ್ತದೆ. ಪ್ರತಿ ಅಕ್ಷರದ ಮುಂದೆ ಒಂದು ಲೋಹದ ಜಾಲರಿ, ಅದರ ಹಿಂದೆ ರಂಜಕದ ಲೇಪವುಳ್ಳ 35 ಚುಕ್ಕೆಗಳು: ಅಡ್ಡಕ್ಕೆ 5, ಉದ್ದಕ್ಕೆ 7. ಜಾಲರಿ ಮತ್ತು ಚುಕ್ಕೆ ಎರಡಕ್ಕೂ ಧನ ವಿದ್ಯುತ್ ದೊರೆತಾಗ ಮಾತ್ರ ಆ ಚುಕ್ಕೆ ಬೆಳಗುತ್ತದೆ.

16 ಅಕ್ಷರಗಳ ಪ್ರತಿಯೊಂದು ಚುಕ್ಕೆಗೂ ಪ್ರತ್ಯೇಕ ತಂತಿ ಎಳೆದರೆ 560 ತಂತಿಗಳು ಬೇಕು. ಎಲ್ಲ ಅಕ್ಷರಗಳ ಒಂದೇ ಸ್ಥಾನದ ಚುಕ್ಕೆಗಳನ್ನು ಒಳಗೇ ಜೋಡಿಸಿರುವುದರಿಂದ 35 ಚುಕ್ಕೆ ತಂತಿ, 16 ಜಾಲರಿ ತಂತಿ, ಒಟ್ಟು 51 ಸಾಕು. ಇವುಗಳನ್ನು ನಡೆಸುವುದೇ ನಿಯಂತ್ರಕ ಚಿಪ್‌ನ ಕೆಲಸ. ತೈವಾನಿನ ಪ್ರಿನ್ಸ್‌ಟನ್ ಟೆಕ್ನಾಲಜಿಯ ಪಿಟಿ6302 ಇಂತಹ ಒಂದು ಚಿಪ್. ಕಂಪ್ಯೂಟರಿನ ಕಡೆಯಿಂದ ಕೆಲವೇ ತಂತಿಗಳ ಮೂಲಕ ಅಕ್ಷರದ ಸಂಕೇತ ಬರುತ್ತದೆ. ಚಿಪ್ ಅದನ್ನು ನೆನಪಿಟ್ಟುಕೊಂಡು, ತನ್ನಲ್ಲಿ ಕಾಯಂ ಆಗಿ ಅಚ್ಚಾಗಿರುವ 248 ಅಕ್ಷರರೂಪಗಳಿಂದ ಸರಿಯಾದುದನ್ನು ಆರಿಸಿ, ಒಂದಾದ ಮೇಲೊಂದರಂತೆ ಅಕ್ಷರಗಳನ್ನು ಬೆಳಗಿಸುತ್ತದೆ. ಒಂದು ಕ್ಷಣಕ್ಕೆ ಬೆಳಗುವುದು ಒಂದೇ ಅಕ್ಷರ. ಅತಿ ವೇಗದಲ್ಲಿ ಸುತ್ತು ಮರಳುವುದರಿಂದ ಕಣ್ಣಿಗೆ ಇಡೀ ಸಾಲು ಸ್ಥಿರವಾಗಿ ಕಾಣುತ್ತದೆ.

ಅಚ್ಚಾದ ರೂಪಗಳಲ್ಲಿ ಕನ್ನಡವಿಲ್ಲ. ಬಳಕೆದಾರರು ತಾವೇ ಬರೆದುಕೊಳ್ಳಲು ಇರುವುದು 8 ಖಾನೆಗಳು ಮಾತ್ರ. ‘ಅಕ್ಕಿ’ ಎಂದು ಬರೆಯಹೊರಟರೆ ಒತ್ತಕ್ಷರಕ್ಕೆ 7 ಸಾಲುಗಳಲ್ಲಿ ಎಡೆಯಿಲ್ಲ. ಕನ್ನಡ ಅಂಕಿಗಳನ್ನಾದರೂ ತುಂಬೋಣವೆಂದರೆ, ಸೊನ್ನೆಯನ್ನು ಇಂಗ್ಲಿಷಿನಿಂದ ಎರವಲು ಪಡೆದರೂ ಒಂದು ಅಂಕಿ ಹೊರಗುಳಿಯುತ್ತದೆ! 2010ರಲ್ಲಿ ಅಂಗೀಕಾರವಾದ ರೂಪಾಯಿ ಚಿಹ್ನೆಯೂ ಹಳೆಯ ಚಿಪ್‌ಗಳಲ್ಲಿಲ್ಲ. ಅದನ್ನು ಈ ಖಾನೆಯೊಂದರಲ್ಲಿ ಬರೆಯಬೇಕು. ಆದರೆ ವಿದ್ಯುತ್ ಹೋದೊಡನೆ ಖಾನೆಯ ಬರಹ ಅಳಿದುಹೋಗುತ್ತದೆ. ಕರೆಂಟ್ ಮರಳಿದ ಮೇಲೆ ಚಿಹ್ನೆಯ ಜಾಗದಲ್ಲಿ ಅರ್ಥವಿಲ್ಲದ ಗುರುತು ಕಂಡರೆ ಅದು ಚಿಪ್‌ನ ದೋಷವಲ್ಲ, ತಂತ್ರಾಂಶವು ಚಿಹ್ನೆಯನ್ನು ಮತ್ತೆ ಕಳುಹಿಸಿಲ್ಲವೆಂದು ತಿಳಿಯಬೇಕು.

ದೋಷವನ್ನು ನೋಟದಿಂದಲೇ ಬಹುಮಟ್ಟಿಗೆ ಗುರುತಿಸಬಹುದು. ಎಲ್ಲ ಅಕ್ಷರಗಳಲ್ಲಿಯೂ ಒಂದೇ ಸ್ಥಾನದ ಚುಕ್ಕೆ ಕಾಣೆಯಾಗಿದ್ದರೆ ಆ ಚುಕ್ಕೆ ತಂತಿಯ ಬೆಸುಗೆಯನ್ನೋ ಚಿಪ್‌ನ ಆ ಕಾಲನ್ನೋ ಶಂಕಿಸಬೇಕು. ಒಂದು ಅಕ್ಷರ ಪೂರ್ತಿ ಕತ್ತಲಾಗಿದ್ದರೆ ಜಾಲರಿಯ ತಂತಿ. ಸದಾ ಬೆಳಗುವ ಚುಕ್ಕೆಗಳಷ್ಟೇ ಮಂಕಾಗಿ, ಅಪರೂಪಕ್ಕೆ ಬೆಳಗುವವು ಪ್ರಕಾಶಮಾನವಾಗಿದ್ದರೆ ರಂಜಕ ಸವೆದಿದೆ; ಚಿಪ್ ಬದಲಾಯಿಸುವುದು ವ್ಯರ್ಥ. ಇಡೀ ಫಲಕ ಸಮನಾಗಿ ಮಂಕಾದಾಗ ಮೊದಲು ವಿದ್ಯುತ್ ಪೂರೈಕೆಯ ಭಾಗವನ್ನು, ಮುಖ್ಯವಾಗಿ ಕೆಪಾಸಿಟರುಗಳನ್ನು ಪರೀಕ್ಷಿಸುವುದು ಲೇಸು. ಈ ಬಿಡಿಭಾಗ ಅಗ್ಗವೂ ಹೌದು. ಗಾಜಿನ ಒಳಮೂಲೆಯಲ್ಲಿ ಕನ್ನಡಿಯಂತೆ ಹೊಳೆಯಬೇಕಾದ ಕಲೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆಯೆಂದೇ ಅರ್ಥ. ಅಂತಹ ಫಲಕಕ್ಕೆ ದುರಸ್ತಿಯಿಲ್ಲ.

ಕೌಂಟರಿನ ಫಲಕವನ್ನು ಬಲ್ಲ ತಂತ್ರಜ್ಞರಿಂದ ಬಿಚ್ಚಿಸಲು ಅಡ್ಡಿಯಿಲ್ಲ. ತೂಕದ ಯಂತ್ರದ ವಿಷಯ ಬೇರೆ. ಅದರ ಮುದ್ರೆ ಒಡೆದು ದುರಸ್ತಿ ಮಾಡಿಸಿದರೆ, 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಮರುಪರಿಶೀಲನೆಯಾಗಿ ಹೊಸ ಮುದ್ರೆ ಬೀಳುವವರೆಗೆ ಆ ಯಂತ್ರವನ್ನು ವ್ಯವಹಾರಕ್ಕೆ ಬಳಸುವಂತಿಲ್ಲ.