ಆರು-ನಲವತ್ತೊಂದೋ, ಏಳು-ನಲವತ್ತೊಂದೋ?

ಶಹಾಬಾದ್, ವಾಡಿ, ಚಿತ್ತಾಪುರದ ಫರಸಿ ಗಣಿಗಳ ಸುತ್ತ ಓಡಾಡುವ ಹಳೆಯ ಟಾಟಾ ಲಾರಿಗಳ ಮೂತಿಯ ಮೇಲೆ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ: 1210, 1612, 1613. ಮೊದಲ ಎರಡು ಅಂಕಿ ಲಾರಿ ಮತ್ತು ಲೋಡು ಸೇರಿದ ಒಟ್ಟು ತೂಕ, ಟನ್ ಲೆಕ್ಕದಲ್ಲಿ. ಕೊನೆಯ ಎರಡಕ್ಕೆ ಒಂದು ಸೊನ್ನೆ ಹಚ್ಚಿದರೆ ಹೆಚ್ಚೂಕಡಿಮೆ ಎಂಜಿನ್ನಿನ ಅಶ್ವಶಕ್ತಿ. 1613 ಅಂದರೆ 16 ಟನ್, 130 ಅಶ್ವಶಕ್ತಿ. ಹೆಸರಿಡುವ ಈ ರೂಢಿ ಜರ್ಮನಿಯ ಡೈಮ್ಲರ್-ಬೆಂಝ್ ಕಂಪನಿಯದು. 1954ರಲ್ಲಿ ಅವರ ಜೊತೆಗೂಡಿ ಟಾಟಾ ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿತು. 1969ರಲ್ಲಿ ಒಪ್ಪಂದ ಮುಗಿಯಿತು, ರೂಢಿ ಉಳಿಯಿತು. ಎಂಜಿನ್ನಿನ ಹೆಸರಿನಲ್ಲೂ ಇಂಥದೇ ಲೆಕ್ಕವಿದೆ. 692 ಎಂದರೆ 6 ಸಿಲಿಂಡರ್, ಒಂದೊಂದರ ಅಗಲ 92 ಮಿಲಿಮೀಟರ್. 697ಕ್ಕೆ 97 ಮಿಲಿಮೀಟರ್.

ಇಷ್ಟು ಹೇಳುವ ಲಾರಿ ಎರಡು ಮುಖ್ಯ ಸಂಗತಿಗಳನ್ನು ಮೂತಿಯ ಮೇಲೆ ಬರೆದುಕೊಂಡಿಲ್ಲ. ಟಾಪ್ ಗೇರಿನಲ್ಲಿ ಎಷ್ಟು ವೇಗ ಹೋಗುತ್ತದೆ ಎನ್ನುವುದು ಒಂದು. ಹಿಂದಿನ ಆಕ್ಸಲ್ ಎಷ್ಟು ತೂಕ ತಡೆಯುತ್ತದೆ ಎನ್ನುವುದು ಇನ್ನೊಂದು. ಎರಡಕ್ಕೂ ಹಿಂದಿನ ಗಾಲಿಗಳ ನಡುವೆ ಬಗ್ಗಿ ನೋಡಬೇಕು.

ಅಲ್ಲಿ ಹೌಸಿಂಗ್ ದುಂಡಗೆ ಉಬ್ಬಿರುವ ಕಡೆ, ಒಳಗೆ ಕ್ರೌನ್ ಮತ್ತು ಪಿನಿಯನ್ ಕೂತಿರುತ್ತವೆ. ಗೇರ್‌ಬಾಕ್ಸಿನಿಂದ ಬರುವ ಉದ್ದನೆಯ ಶಾಫ್ಟು ಚಿಕ್ಕ ಪಿನಿಯನ್ನನ್ನು ತಿರುಗಿಸುತ್ತದೆ, ಪಿನಿಯನ್ನು ದೊಡ್ಡ ಕ್ರೌನನ್ನು, ಕ್ರೌನು ಗಾಲಿಗಳನ್ನು. ಹಳೆಯ ಟಾಟಾಗಳಲ್ಲಿ ಹೆಚ್ಚಾಗಿ ಕಾಣುವ ಎರಡು ಜೋಡಿಗಳಲ್ಲೂ ಕ್ರೌನಿಗೆ 41 ಹಲ್ಲು. ಪಿನಿಯನ್ನಿಗೆ ಒಂದರಲ್ಲಿ 6, ಇನ್ನೊಂದರಲ್ಲಿ 7. ಗ್ಯಾರೇಜಿನ ಮಾತಿನಲ್ಲಿ ಆರು-ನಲವತ್ತೊಂದು, ಏಳು-ನಲವತ್ತೊಂದು. ಒಂದೇ ಒಂದು ಹಲ್ಲಿನ ವ್ಯತ್ಯಾಸ, ಆದರೆ ಲಾರಿಯ ಸ್ವಭಾವವೇ ಬೇರೆಯಾಗುತ್ತದೆ.

ಲೆಕ್ಕ ಹಾಕಿ ನೋಡೋಣ. 41ನ್ನು 6ರಿಂದ ಭಾಗಿಸಿದರೆ 6.83. ಅಂದರೆ ಶಾಫ್ಟು 6.83 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. 7ರಿಂದ ಭಾಗಿಸಿದರೆ 5.86. 10.00-20 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ನೆಲ ಸಾಗುತ್ತದೆ. ಐದು ಗೇರಿನ ಹಳೆಯ ಡಬ್ಬಿಯಲ್ಲಿ ಟಾಪ್ ಗೇರು ನೇರ ಗೇರು. ಎಂಜಿನ್ ಎಷ್ಟು ತಿರುಗುತ್ತದೋ ಶಾಫ್ಟೂ ಅಷ್ಟೇ. ಎಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಆರು-ನಲವತ್ತೊಂದರ ಗಾಲಿ ನಿಮಿಷಕ್ಕೆ 351 ಸುತ್ತು, ಅಂದರೆ ಗಂಟೆಗೆ 67 ಕಿಲೋಮೀಟರ್. ಏಳು-ನಲವತ್ತೊಂದಾದರೆ 410 ಸುತ್ತು, 79 ಕಿಲೋಮೀಟರ್. ತಿರುವುಮುರುವಾಗಿಯೂ ನೋಡಬಹುದು: ಗಂಟೆಗೆ 60ರಲ್ಲಿ ಹೋಗಬೇಕಾದರೆ ಮೊದಲನೆಯದರ ಎಂಜಿನ್ 2,135 ಸುತ್ತು ಅರಚಬೇಕು, ಎರಡನೆಯದಕ್ಕೆ 1,830 ಸಾಕು. ಸೇಡಂನಿಂದ ಸಿಮೆಂಟ್ ಚೀಲ ಹೇರಿಕೊಂಡು ಹೈದರಾಬಾದಿನ ಕಡೆ ದಿನವೂ ಹೋಗುವ ಮಾಲೀಕನಿಗೆ ಈ 300 ಸುತ್ತುಗಳ ಬೆಲೆ ಡೀಸೆಲ್ ಬಂಕಿನಲ್ಲಿ ಗೊತ್ತಾಗುತ್ತದೆ.

ಸ್ಪೀಡಾಮೀಟರ್ ಕೆಟ್ಟು ಎಷ್ಟೋ ವರ್ಷವಾಗಿರುವ ಲಾರಿಗೂ ಈ ಲೆಕ್ಕ ನಡೆಯುತ್ತದೆ. ಟೈರನ್ನು ಮಾತ್ರ ಮರೆಯಬಾರದು. 10.00-20 ತೆಗೆದು 9.00-20 ಹಾಕಿದರೆ ಒಂದು ಸುತ್ತಿನ ಓಟ ಸುಮಾರು 3.1 ಮೀಟರಿಗೆ ಇಳಿಯುತ್ತದೆ. ಟೈರು 14 ಮಿಲಿಮೀಟರ್ ಸವೆದರೂ ಸುತ್ತಳತೆಯಲ್ಲಿ 88 ಮಿಲಿಮೀಟರ್ ಹೋದಂತೆಯೇ.

ಹಾಗಾದರೆ ಎಲ್ಲರೂ ಏಳು-ನಲವತ್ತೊಂದನ್ನೇ ಹಾಕಿಸಿಕೊಳ್ಳಬಾರದೇಕೆ? ಗಣಿಯ ಗುಂಡಿಯೊಳಗೆ ಇಳಿದರೆ ಉತ್ತರ ಸಿಗುತ್ತದೆ. ಎಂಜಿನ್ನಿನ ತಿರುಚುಬಲ 36 ಕಿಲೋಗ್ರಾಂ-ಮೀಟರ್, ಮೊದಲ ಗೇರಿನ ಅನುಪಾತ 7, ದಾರಿಯಲ್ಲಿ ಹಲ್ಲುಗಳ ತಿಕ್ಕಾಟಕ್ಕೆ ನೂರಕ್ಕೆ 15 ಹೋಯಿತು, ಗಾಲಿಯ ನಡುವಿನಿಂದ ನೆಲಕ್ಕೆ ಅರ್ಧ ಮೀಟರ್ ಎಂದು ಇಟ್ಟುಕೊಳ್ಳೋಣ. ಆರು-ನಲವತ್ತೊಂದರ ಗಾಲಿ ನೆಲವನ್ನು ಸುಮಾರು 2,900 ಕಿಲೋ ಬಲದಿಂದ ಹಿಂದಕ್ಕೆ ತಳ್ಳುತ್ತದೆ, ಏಳು-ನಲವತ್ತೊಂದರದು 2,500. ಒಟ್ಟು 16 ಟನ್ ಇದ್ದಾಗ ಎರಡೂ ಲಾರಿ ನಿರಾಯಾಸವಾಗಿ ಮೇಲೆ ಬರುತ್ತವೆ. ಯಾರೋ ಆಸೆಬುರುಕರು 25 ಟನ್ ಮಾಡಿದರೆಂದುಕೊಳ್ಳಿ. ಗಣಿಯ ಮಣ್ಣುದಾರಿಯಲ್ಲಿ ಬರೀ ಉರುಳುವುದಕ್ಕೇ ತೂಕದ ನೂರಕ್ಕೆ 4 ಪಾಲು ಬಲ ಹೋಗುತ್ತದೆ. ಉಳಿದದ್ದು ಏರಿಗೆ. ಆರು-ನಲವತ್ತೊಂದಕ್ಕೆ ನೂರಕ್ಕೆ ಏಳೂವರೆಯಷ್ಟು ಏರು ಹತ್ತಲು ಬಲ ಮಿಗುತ್ತದೆ, ಏಳು-ನಲವತ್ತೊಂದಕ್ಕೆ ಆರರಷ್ಟು. 16 ಅಡಿಗೆ 1 ಅಡಿ ಏರುವ ದಾರಿ ಅಂದರೆ ನೂರಕ್ಕೆ ಆರೂಕಾಲು. ಅಲ್ಲಿ ಒಂದು ಲಾರಿ ಹೊಗೆಯುಗುಳುತ್ತ ಮೇಲೆ ಬರುತ್ತದೆ, ಇನ್ನೊಂದು ನಡುದಾರಿಯಲ್ಲಿ ನಿಂತುಬಿಡುತ್ತದೆ.

ಮೇಲೆ ಬಂದ ಲಾರಿಯನ್ನು ಮೆಚ್ಚಿಕೊಳ್ಳುವುದೇ ನಮ್ಮ ರೂಢಿ. ನನ್ನ ತಕರಾರು ಇರುವುದೂ ಇಲ್ಲೇ. ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಎಳೆತವನ್ನು ಹಲ್ಲುಗಳ ಲೆಕ್ಕದಿಂದ ಎಷ್ಟು ಬೇಕಾದರೂ ಹೆಚ್ಚಿಸಬಹುದು. ಹೊರುವುದನ್ನು ಹೆಚ್ಚಿಸುವ ಗೇರು ಯಾವ ಡಬ್ಬಿಯಲ್ಲೂ ಇಲ್ಲ. ಆರು-ನಲವತ್ತೊಂದರ ಲಾರಿ ಓವರ್‌ಲೋಡನ್ನು ಡ್ರೈವರನಿಗೆ ಗೊತ್ತೇ ಆಗದಂತೆ ಎಳೆದುಬಿಡುತ್ತದೆ. ನಲುಗುವುದು ಆಕ್ಸಲ್.

ಆಕ್ಸಲ್ಲಿನ ಲೆಕ್ಕ ಒಟ್ಟು ತೂಕದ ಲೆಕ್ಕವಲ್ಲ. ಬಿದಿರಿನ ನಡುವೆ ಕೊಡ ಕಟ್ಟಿ ಇಬ್ಬರು ಹೆಗಲ ಮೇಲೆ ಹೊತ್ತಾಗ, ಕೊಡ ಯಾರ ಕಡೆ ಸರಿಯುತ್ತದೋ ಅವರ ಹೆಗಲು ಹೆಚ್ಚು ನೋಯುತ್ತದೆ. ಲಾರಿಯ ಎರಡು ಆಕ್ಸಲ್‌ಗಳೂ ಹಾಗೆಯೇ. ಅವುಗಳ ನಡುವಿನ ದೂರ 4.2 ಮೀಟರ್ ಇದೆ ಎನ್ನಿ. ಖಾಲಿ ಲಾರಿ 6 ಟನ್: ಮುಂದೆ 3.4, ಹಿಂದೆ 2.6. ಇದಕ್ಕೆ 10 ಟನ್ ಫರಸಿ ಹೇರಬೇಕು. ಶಹಾಬಾದ್ ಕಲ್ಲು ಸುಣ್ಣಕಲ್ಲು. ಒಂದು ಘನಮೀಟರಿಗೆ ಎರಡೂಮುಕ್ಕಾಲು ಟನ್ನಿಗೆ ತುಸು ಕಡಿಮೆ. ಒಂದಿಂಚು ದಪ್ಪದ ಚದರಡಿಗೆ ಆರೂಕಾಲು ಕಿಲೋ ಬೀಳುತ್ತದೆ. ಒಂದೂವರೆ ಇಂಚಿನದಾದರೆ 1,070 ಚದರಡಿಯಷ್ಟಕ್ಕೇ 10 ಟನ್ ತುಂಬಿತು. ನೋಡುವವರಿಗೆ ಲಾರಿ ಅರ್ಧ ಖಾಲಿ ಇದ್ದಂತೆಯೇ ಕಾಣುತ್ತದೆ, ತಪ್ಪು ಶುರುವಾಗುವುದು ಅಲ್ಲಿಂದ.

ಫರಸಿಯನ್ನು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತಾರೆ. ಸಾಲು ಕ್ಯಾಬಿನ್ ಕಡೆಯಿಂದ ಹಿಡಿದು, ಲೋಡಿನ ನಡುಬಿಂದು ಹಿಂದಿನ ಆಕ್ಸಲ್ಲಿಗಿಂತ ಒಂದು ಮೀಟರ್ ಮುಂದೆ ಬಂದರೆ, 10 ಟನ್ನಿನಲ್ಲಿ 2.4 ಮುಂದಕ್ಕೆ, 7.6 ಹಿಂದಕ್ಕೆ ಹೋಗುತ್ತದೆ. ಒಟ್ಟಿಗೆ ಮುಂದೆ 5.8, ಹಿಂದೆ 10.2. ಹಳೆಯ ಕಾನೂನಿನ ಮಿತಿ ಮುಂದಿನ ಆಕ್ಸಲ್ಲಿಗೆ 6, ನಾಲ್ಕು ಟೈರಿನ ಹಿಂದಿನದಕ್ಕೆ 10.2, ಕೂಡಿಸಿದರೆ 16.2. ಎಲ್ಲ ಸರಿಯಾಯಿತು. ಇಳಿಸಲು ಸುಲಭವೆಂದು ಅದೇ ಕಲ್ಲನ್ನು ಹಿಂಬಾಗಿಲ ಕಡೆ ಸರಿಸಿ ಹೇರಿ, ನಡುಬಿಂದು ಆಕ್ಸಲ್ಲಿನ ಮೇಲೆಯೇ ಕೂತರೆ? ಹಿಂದೆ 12.6 ಟನ್. ಕಾಟಾದ ಚೀಟಿಯಲ್ಲಿ ಮಾತ್ರ ಅದೇ 16 ಟನ್, ಒಂದು ಕಿಲೋ ಹೆಚ್ಚಿಲ್ಲ. ಮುಂದಿನ ಗಾಲಿಗೆ ಖಾಲಿ ಲಾರಿಯಲ್ಲಿದ್ದಷ್ಟೇ ಭಾರ, ಹಾಗಾಗಿ ತಿರುವಿನಲ್ಲಿ ಸ್ಟೀರಿಂಗ್ ಹೇಳಿದ ಮಾತು ಕೇಳುವುದಿಲ್ಲ.

ರಸ್ತೆಯಂತೂ ಇನ್ನೂ ನಿಷ್ಠುರ. ಅಮೆರಿಕದ ಇಲಿನಾಯ್ಸ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಪರೀಕ್ಷೆಗೆಂದೇ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಹಗಲುರಾತ್ರಿ ಓಡಿಸಿ ನೋಡಿದಾಗ ತಿಳಿದದ್ದು: ಆಕ್ಸಲ್ ತೂಕ ಎರಡು ಪಟ್ಟಾದರೆ ರಸ್ತೆಗಾಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ನಮ್ಮ ಎಂಜಿನಿಯರುಗಳೂ ರಸ್ತೆಯ ದಪ್ಪ ನಿರ್ಧರಿಸುವಾಗ 8.16 ಟನ್ನಿನ ಆಕ್ಸಲ್ಲನ್ನು ಒಂದು ಎಂದಿಟ್ಟುಕೊಂಡು ಈ ನಾಲ್ಕನೇ ಘಾತದ ಲೆಕ್ಕ ಹಾಕುತ್ತಾರೆ. 10.2 ಟನ್ನಿನ ಆಕ್ಸಲ್ ಅದರ 2.4 ಪಟ್ಟು ಪೆಟ್ಟು ಕೊಡುತ್ತದೆ. ಹಿಂದಕ್ಕೆ ಸರಿಸಿ ಹೇರಿದ 12.6 ಟನ್ 5.7 ಪಟ್ಟು. ಗಣಿಯಿಂದ ಮೇಲೆ ಬಂದ ನಮ್ಮ 25 ಟನ್ನಿನ ಶೂರನ ಹಿಂದಿನ ಆಕ್ಸಲ್ ಮೇಲೆ ಸುಮಾರು 17 ಟನ್ ಬೀಳುತ್ತದೆ, ಪೆಟ್ಟು 19 ಪಟ್ಟು. ಕಲ್ಲು 10ರ ಬದಲು 19 ಟನ್ ಹೋಯಿತು. ರಸ್ತೆ ಸವೆದದ್ದು ಎಂಟು ಪಟ್ಟು ಹೆಚ್ಚು. ಸೇಡಂ, ಚಿತ್ತಾಪುರದ ತೊಗರಿ ಹೊಲಗಳ ನಡುವೆ ಹಾದುಹೋಗುವ ದಾರಿಗಳ ಕೆಳಗೆ ಇರುವುದು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೆನೆದಾಗ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಪ್ರತಿ ಮಳೆಗಾಲದಲ್ಲಿ ಗುತ್ತಿಗೆದಾರರನ್ನು ಬೈಯುವವರು ಆ ಬೈಗುಳದಲ್ಲಿ ಒಂದು ಪಾಲನ್ನು ಹಿಂದಿನ ಆಕ್ಸಲ್ಲಿಗೂ ಎತ್ತಿಡಬೇಕು.

2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಿತಿಯನ್ನು ಏರಿಸಿತು: ಮುಂದೆ 7, ಹಿಂದೆ 11.5, ಎರಡು ಆಕ್ಸಲ್ಲಿನ ಲಾರಿಗೆ ಒಟ್ಟು 18.5 ಟನ್. ಕಾನೂನು ಏರಿತೆಂದು ಮೂವತ್ತು ವರ್ಷದ ಹಿಂದಿನ ಹೌಸಿಂಗ್ ಗಟ್ಟಿಯಾಗಲಿಲ್ಲ. ಪಾಟಾದ ಕಟ್ಟಿಗೆ ಇನ್ನೆರಡು ಎಲೆ ಸೇರಿಸಿದರೂ ಆಗುವುದಿಲ್ಲ. ಪಾಟಾ ಹೆಚ್ಚಿಸಿದರೆ ಲಾರಿ ಕುಗ್ಗುವುದು ನಿಲ್ಲುತ್ತದೆ, ಓವರ್‌ಲೋಡು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಹೌಸಿಂಗ್, ಬೇರಿಂಗ್, ಡಿಸ್ಕ್, ಬ್ರೇಕ್, ಟೈರ್, ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ದುರ್ಬಲವೋ ಅದರ ಮಿತಿಯೇ ಆಕ್ಸಲ್ಲಿನ ಮಿತಿ. ಟೈರಿನದನ್ನು ಯಾರು ಬೇಕಾದರೂ ಓದಬಹುದು. ಪಕ್ಕದಲ್ಲಿ 146/143 ಎಂದು ಅಚ್ಚಾಗಿದ್ದರೆ ಎರಡನೆಯ ಅಂಕಿ ಜೋಡಿ ಟೈರಿನದು, 143 ಅಂದರೆ ಒಂದೊಂದಕ್ಕೆ 2,725 ಕಿಲೋ. ನಾಲ್ಕಕ್ಕೆ 10.9 ಟನ್. ಅದೇ ಜಾಗದಲ್ಲಿ 137 ಇದ್ದರೆ 2,300 ಕಿಲೋ, ನಾಲ್ಕಕ್ಕೆ 9.2 ಟನ್ ಮಾತ್ರ. ಅಂಥ ಟೈರಿನ ಮೇಲೆ ಕಾನೂನಿನ ಹಳೆಯ ಮಿತಿಯನ್ನೂ ಮುಟ್ಟುವಂತಿಲ್ಲ.

ಚಿಂಚೋಳಿ ಕಡೆಯ ಗುಡ್ಡದ ದಾರಿಗಳಿಗೆ ಒಂದು ಮಾತು ಬೇರೆಯೇ ಹೇಳಬೇಕು. 16 ಟನ್ನಿನ ಲಾರಿ 100 ಮೀಟರ್ ಎತ್ತರ ಕೆಳಗಿಳಿದರೆ ನಾಲ್ಕು ಯೂನಿಟ್ ವಿದ್ಯುತ್ತಿಗೂ ಮೀರಿದ ಶಕ್ತಿ ಎಲ್ಲಾದರೂ ಖರ್ಚಾಗಲೇಬೇಕು. ಗೇರಿನಲ್ಲಿದ್ದರೆ ಒಂದು ಪಾಲನ್ನು ಎಂಜಿನ್ ನುಂಗಿಕೊಳ್ಳುತ್ತದೆ, ಕೆಳಗಿನ ಗೇರಿನಲ್ಲಿ ಇನ್ನೂ ಹೆಚ್ಚು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಅಷ್ಟೂ ಬ್ರೇಕ್ ಡ್ರಮ್ಮಿಗೆ ಹೋಗುತ್ತದೆ, ಕಾದ ಡ್ರಮ್ಮಿನಲ್ಲಿ ಬ್ರೇಕ್ ಹಿಡಿಯುವುದಿಲ್ಲ. ಇಳಿಯುವಾಗಲೂ ಆರು-ನಲವತ್ತೊಂದೇ ಮೇಲು.

ಹಳೆಯ ಲಾರಿ ಕೊಳ್ಳುವವರು ಹೌಸಿಂಗ್ ಬಿಚ್ಚದೆಯೇ ಹಲ್ಲುಗಳ ಲೆಕ್ಕ ಹಿಡಿಯಬಹುದು. ಸಮನೆಲದಲ್ಲಿ ಖಾಲಿ ಲಾರಿ ನಿಲ್ಲಿಸಿ, ಮುಂದಿನ ಗಾಲಿಗಳಿಗೂ ನೆಲದ ಮೇಲಿರುವ ಹಿಂದಿನ ಗಾಲಿಗೂ ಹಿಂದೆಮುಂದೆ ಕಲ್ಲು ಕೊಟ್ಟು, ಹಿಂದಿನ ಒಂದು ಕಡೆಯನ್ನು ಮಾತ್ರ ಜಾಕಿನಿಂದ ಎತ್ತಿ ಕೆಳಗೆ ಗಟ್ಟಿ ಆಧಾರ ಇಡಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಸಡಿಲ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎತ್ತಿದ ಗಾಲಿಯನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಗಾಲಿ ನಿಂತಿರುವುದರಿಂದ ಎರಡು ಸುತ್ತಿಗೆ ಕ್ರೌನು ಒಂದೇ ಸುತ್ತು ಹೋಗುತ್ತದೆ. ಶಾಫ್ಟಿನ ಗೆರೆ ಏಳು ಸುತ್ತಿಗೆ ತುಸು ಕಡಿಮೆ ತಿರುಗಿದರೆ ಅದು ಆರು-ನಲವತ್ತೊಂದು, ಆರಕ್ಕೂ ತುಸು ಕಡಿಮೆಯಾದರೆ ಏಳು-ನಲವತ್ತೊಂದು. ಕಲ್ಲಿನ ಕೆಲಸಕ್ಕೆ ಮೊದಲನೆಯದನ್ನೇ ಕೊಳ್ಳಿ, ಹೆದ್ದಾರಿಯ ಸಿಮೆಂಟಿಗೆ ಎರಡನೆಯದನ್ನು.

ಲೋಡು ಹೇರಿದ ಮೇಲೆ ಕಾಟಾದಲ್ಲಿ ಇಡೀ ಲಾರಿಯನ್ನು ಒಮ್ಮೆ ತೂಗಿಸಿ, ಆಮೇಲೆ ಮುಂದಿನ ಗಾಲಿಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಇನ್ನೊಮ್ಮೆ ತೂಗಿಸಿ. ಮೊದಲ ಅಂಕಿಯಲ್ಲಿ ಎರಡನೆಯದನ್ನು ಕಳೆದರೆ ಹಿಂದಿನ ಆಕ್ಸಲ್ ಹೊತ್ತಿರುವ ಭಾರ ಸಿಗುತ್ತದೆ. ಮಿತಿ ಮೀರಿದ್ದರೆ ಕಲ್ಲನ್ನು ಅಲ್ಲಿಯೇ ಮುಂದಕ್ಕೆ ಸರಿಸಿಕೊಳ್ಳಿ.