ಓರೆ ಮೆಟ್ಟಿಲಿನ ಗಿಟಾರು

ವೀಣೆಯ ಮೆಟ್ಟಿಲುಗಳನ್ನು ನೋಡದ ಕನ್ನಡಿಗರು ವಿರಳ. ದಂಡಿಯ ಮೇಲೆ ಕರಿಯ ಮೇಣದಲ್ಲಿ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲುಗಳು ಏಣಿಯ ಅಡ್ಡಪಟ್ಟಿಗಳಂತೆ ಒಂದಕ್ಕೊಂದು ಸಮಾನಾಂತರವಾಗಿ ನಿಂತಿರುವುವು. ಸಾಮಾನ್ಯ ಗಿಟಾರಿನಲ್ಲಿಯೂ ಹಾಗೆಯೇ. ಹೀಗಿರಲು, ಬೀಸಣಿಗೆಯ ಕಡ್ಡಿಗಳಂತೆ ಮೆಟ್ಟಿಲುಗಳು ಓರೆಯಾಗಿ ಹರಡಿಕೊಂಡಿರುವ ಗಿಟಾರೊಂದನ್ನು ಕಂಡವರು, ‘ಮಾಡಿದವನ ಕೈ ತಪ್ಪಿರಬೇಕು’ ಎಂದುಕೊಳ್ಳುವುದು ಸಹಜ. ಮೊದಲು ನಾವೂ ಹಾಗೆಯೇ ಎಂದುಕೊಂಡೆವು. ಆ ಓರೆಯಲ್ಲಿಯೇ ನ್ಯಾಯವುಂಟೆಂಬುದು ನಮಗೆ ಮನದಟ್ಟಾದುದು, ಅಂತಹುದೊಂದನ್ನು ನಮ್ಮ ಕೈಯಿಂದಲೇ ಮಾಡಲು ಹೊರಟು, ಒಮ್ಮೆ ಕೆಡಿಸಿ, ಮತ್ತೊಮ್ಮೆ ಮಾಡಿದ ಮೇಲೆ. ಆ ವೃತ್ತಾಂತವನ್ನು ವಾಚಕರ ಮುಂದಿಡುವೆವು.

ತಂತಿಯ ಧರ್ಮ ಸರಳವಾದುದು. ಅದು ಉದ್ದವಾದಷ್ಟೂ, ದಪ್ಪವಾದಷ್ಟೂ, ಸಡಿಲವಾದಷ್ಟೂ ಸ್ವರವು ಇಳಿಯುವುದು. ದೊಡ್ಡ ಪಿಯಾನೋದ ಮುಚ್ಚಳವನ್ನೆತ್ತಿ ನೋಡಿದವರು ಬಲ್ಲರು: ಮಂದ್ರದ ತಂತಿಗಳು ನೀಳವಾಗಿಯೂ ತಾರದ ತಂತಿಗಳು ಗಿಡ್ಡವಾಗಿಯೂ ಇರುವುವು. ಗಿಟಾರಿನಲ್ಲಾದರೋ ಎಲ್ಲ ತಂತಿಗಳಿಗೂ ಹೆಚ್ಚುಕಡಿಮೆ ಒಂದೇ ಉದ್ದ. ಆರು ತಂತಿಗಳಲ್ಲಿ ಬಹಳ ದಪ್ಪನೆಯದು ಸೆಕೆಂಡಿಗೆ ಸುಮಾರು 82 ಸಲವೂ, ಬಹಳ ಸಣ್ಣದು ಸುಮಾರು 330 ಸಲವೂ ಕಂಪಿಸಬೇಕು. ಎಂದರೆ ಎರಡು ಸ್ಥಾಯಿಗಳ ಅಂತರ. ಇದನ್ನು ದಪ್ಪ ಮತ್ತು ಬಿಗಿಗಳಿಂದಲೇ ಸರಿದೂಗಿಸಬೇಕಾಗಿದೆ. ಏಳನೆಯ ತಂತಿಯೊಂದನ್ನು ಸೇರಿಸಿ ಸುಮಾರು 62 ಕಂಪನಗಳವರೆಗೆ ಇಳಿಯಬೇಕೆಂದರಂತೂ ಕಷ್ಟ ಪ್ರಾರಂಭವಾಗುವುದು. ಬಿಗಿ ಸಾಲದೆ ತಂತಿಯು ಜೋಲಾಡಿ ಮೆಟ್ಟಿಲುಗಳಿಗೆ ಬಡಿಯುವುದು. ಇನ್ನೂ ದಪ್ಪನೆಯದನ್ನು ಕಟ್ಟೋಣವೆಂದರೆ ಅದು ಸರಳಿನಂತೆ ಬಿರುಸಾಗಿ ನಾದವು ಮಂಕಾಗುವುದು. ಎಲ್ಲವನ್ನೂ ಉದ್ದ ಮಾಡಿದರೆ ಸಣ್ಣ ತಂತಿಯ ಬಿಗಿ ಹೆಚ್ಚಿ ಅದು ಹರಿಯುವ ಭಯ. ಹಾಗಾದರೆ ಒಂದೊಂದು ತಂತಿಗೂ ಅದಕ್ಕೆ ತಕ್ಕ ಉದ್ದವನ್ನೇಕೆ ಕೊಡಬಾರದು? ಕೊಟ್ಟೊಡನೆ ಮೆಟ್ಟಿಲುಗಳು ಓರೆಯಾಗಲೇಬೇಕು. ಏಕೆಂದರೆ ಉದ್ದ ತಂತಿಯಲ್ಲಿ ಸ್ವರದಿಂದ ಸ್ವರಕ್ಕೆ ಇರುವ ದೂರವೂ ಹೆಚ್ಚು.

ಈ ಯೋಚನೆ ಇಂದಿನದಲ್ಲ. ಇಂಗ್ಲೆಂಡಿನಲ್ಲಿ ಹದಿನಾರನೆಯ ಶತಮಾನದ ಕೊನೆಯಿಂದ ಬಳಕೆಯಲ್ಲಿದ್ದ ಆರ್ಫೇರಿಯನ್ ಎಂಬ ಲೋಹದ ತಂತಿಗಳ ವಾದ್ಯದಲ್ಲಿ, ಉಳಿದುಬಂದಿರುವ ಕೆಲವುಗಳ ಮೆಟ್ಟಿಲುಗಳು ಓರೆಯಾಗಿಯೇ ಇವೆ. ವಿದ್ಯುತ್ ಗಿಟಾರಿನಲ್ಲಿ ಇದನ್ನು ರೂಢಿಗೆ ತಂದವರು ಅಮೆರಿಕದ ವಾದ್ಯಶಿಲ್ಪಿ ರಾಲ್ಫ್ ನೋವಾಕ್. ಅವರಿಗೆ ಇದಕ್ಕಾಗಿ 1989ನೆಯ ಇಸವಿಯಲ್ಲಿ ಪೇಟೆಂಟು ದೊರೆಯಿತು. ಅವರು ಮಾಡಿಕೊಟ್ಟ ಎಂಟು ತಂತಿಗಳ ವಾದ್ಯದಲ್ಲಿ ಚಾರ್ಲಿ ಹಂಟರ್ ಎಂಬ ವಾದಕರು ಮಂದ್ರದ ಆಧಾರಸ್ವರಗಳನ್ನೂ ಮೇಲಿನ ಗಾನವನ್ನೂ ಒಬ್ಬರೇ ಏಕಕಾಲದಲ್ಲಿ ನುಡಿಸಿ ಹೆಸರಾದರು. ಪೇಟೆಂಟಿನ ಅವಧಿ ಮುಗಿದ ಮೇಲೆ ಹಲವು ದೇಶಗಳಲ್ಲಿ ಇಂತಹ ಗಿಟಾರುಗಳು ತಯಾರಾಗುತ್ತಿವೆ.

ಇನ್ನು ನಮ್ಮ ಪ್ರಯತ್ನದ ವಿಷಯ. ಗಿಟಾರಿನ ಮೆಟ್ಟಿಲು ಹಲಗೆಗೆ ಪ್ರಪಂಚದಲ್ಲೆಲ್ಲ ಮನ್ನಣೆ ಪಡೆದ ಮರಗಳಲ್ಲಿ ನಮ್ಮ ಮಲೆನಾಡಿನ ಬೀಟೆಯೂ ಒಂದು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಿಂದ ನಿರ್ಬಂಧಗಳು ಹೆಚ್ಚಿವೆ. ಒಳ್ಳೆಯ ಹಲಗೆ ಸುಲಭವಾಗಿ ಸಿಗುವಂತಹುದಲ್ಲ. ನಮ್ಮ ಮನೆಯ ಅಟ್ಟದ ಮೇಲೆ ತಾತನವರ ಕಾಲದ ಬೀಟೆಯ ಮಂಚವೊಂದು ಕಾಲು ಮುರಿದು ಬಿದ್ದಿತ್ತು. ಅದರ ತಲೆಕಡೆಯ ಅಡ್ಡಪಟ್ಟಿ ಮೂರೂವರೆ ಅಡಿ ಉದ್ದ, ಅರ್ಧ ಅಂಗುಲ ದಪ್ಪ. ಎರಡು ಹಲಗೆಗಳಿಗೆ ಸಾಕು, ಮೂರನೆಯದಕ್ಕೆ ಇಲ್ಲ. ಕೇಳಿದಾಗ ನಮ್ಮ ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಈ ಮಂಚದ ಮೇಲೆ ಮೂರು ತಲೆಮಾರು ಮಲಗಿದೆ. ಕೊಯ್ಯುವುದಾದರೆ ಕೊಯ್ಯಿ, ಮಗು, ಕೊಯ್ದು ಕೆಡಿಸಬೇಡ” ಎಂದರು. ಆ ಮಾತನ್ನು ಕೇಳಿಯೂ ನಾವು ಮೊದಲನೆಯ ಹಲಗೆಯನ್ನು ಕೆಡಿಸಿದೆವು.

ಕೆಟ್ಟ ಬಗೆಯನ್ನು ವಿವರಿಸಬೇಕಾಗಿದೆ, ಏಕೆಂದರೆ ಈ ಕೆಲಸದ ಮರ್ಮವೆಲ್ಲ ಅದರಲ್ಲಿಯೇ ಇದೆ. ಸಣ್ಣ ತಂತಿಗೆ 648 ಮಿಲಿಮೀಟರು, ಏಳನೆಯ ದಪ್ಪ ತಂತಿಗೆ 686 ಮಿಲಿಮೀಟರು ಎಂದು ಉದ್ದವನ್ನು ಗೊತ್ತುಮಾಡಿಕೊಂಡೆವು. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಗಿಟಾರಿನ ಪದ್ಧತಿಯಲ್ಲಿ ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಮೆಟ್ಟಿಲಿನ ದೂರ ಬರುವುದು. ಅದರಂತೆ ಮೊದಲನೆಯ ಮೆಟ್ಟಿಲು ಒಂದು ಅಂಚಿನಲ್ಲಿ 36.4 ಮಿಲಿಮೀಟರಿಗೂ ಮತ್ತೊಂದು ಅಂಚಿನಲ್ಲಿ 38.5 ಮಿಲಿಮೀಟರಿಗೂ ಬೀಳುವುದು; ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, ಎಂದರೆ 324ಕ್ಕೂ 343ಕ್ಕೂ. ಎರಡು ಅಂಚುಗಳ ಗುರುತುಗಳನ್ನು ಗೆರೆಯಿಂದ ಕೂಡಿಸಿದರೆ ಮೆಟ್ಟಿಲಿನ ಓರೆ ತಾನಾಗಿಯೇ ಮೂಡುವುದು. ಯಾವುದಾದರೊಂದು ಮೆಟ್ಟಿಲನ್ನು ನೇರವಾಗಿ ನಿಲ್ಲಿಸಿಕೊಳ್ಳಬೇಕು. ನಾವು ಏಳನೆಯದನ್ನು ಆರಿಸಿದೆವು. ಆಗ ತಲೆಯ ಕಡೆಯ ಮೂಳೆಪಟ್ಟಿಯು ದಪ್ಪ ತಂತಿಯ ಬದಿಯಲ್ಲಿ ಸುಮಾರು 13 ಮಿಲಿಮೀಟರು ಮೇಲಕ್ಕೂ, ಕುದುರೆಯು ಸುಮಾರು 25 ಮಿಲಿಮೀಟರು ಕೆಳಕ್ಕೂ ಸರಿಯುವುವು.

ಲೆಕ್ಕದಲ್ಲಿ ತಪ್ಪಿರಲಿಲ್ಲ, ತಪ್ಪಿದ್ದುದು ಅಳೆಯುವ ಕ್ರಮದಲ್ಲಿ. ಒಂದು ಮೆಟ್ಟಿಲಿನ ಗುರುತಿನಿಂದ ಮುಂದಿನದನ್ನು, ಅದರಿಂದ ಅದರ ಮುಂದಿನದನ್ನು ಅಳೆಯುತ್ತ ಹೋದೆವು. ಒಂದೊಂದರಲ್ಲಿ ಕಾಲು ಮಿಲಿಮೀಟರಿನಷ್ಟು ಏರುಪೇರು ಕಣ್ಣಿಗೆ ಕಾಣುವುದೆ? ಗಾಡಿಗಳನ್ನೆಲ್ಲ ಗರಗಸದಿಂದ ಕೊಯ್ದ ಮೇಲೆ ಉದ್ದದ ಅಳತೆಪಟ್ಟಿಯನ್ನಿಟ್ಟು ನೋಡಿದರೆ ಹನ್ನೆರಡನೆಯದು 327ರಲ್ಲಿತ್ತು. ಅಲ್ಲಿಂದ ಮುಂದಿನ ಮೆಟ್ಟಿಲಿಗಿರುವ ದೂರವೇ 18 ಮಿಲಿಮೀಟರು. ಅದರಲ್ಲಿ ಮೂರು ತಪ್ಪಿದರೆ ಕಿವಿ ಕ್ಷಮಿಸುವುದಿಲ್ಲ. ವೀಣೆಯಾಗಿದ್ದರೆ ಮೇಣವನ್ನು ಬಿಸಿಮಾಡಿ ಮೆಟ್ಟಿಲನ್ನು ಸರಿಸಬಹುದಾಗಿತ್ತು. ಮರದಲ್ಲಿ ಕೊಯ್ದ ಗಾಡಿ ಸರಿಯುವುದಿಲ್ಲ.

ಆ ಸಂಜೆ ನಮ್ಮ ಬೀದಿಯ ವೃದ್ಧ ಆಚಾರಿಗಳಿಗೆ ಹಲಗೆಯನ್ನು ತೋರಿಸಿದೆವು. ಗಿಟಾರು ಅವರಿಗೆ ಹೊಸದು, ಮರ ಹೊಸದಲ್ಲ. ಗೆರೆಗಳ ಮೇಲೆ ಬೆರಳಾಡಿಸಿ, “ಒಂದನ್ನು ನೋಡಿ ಇನ್ನೊಂದನ್ನು ಅಳೆದಿದ್ದೀರಿ, ಸ್ವಾಮಿ. ಹಾಗೆ ಮಾಡಿದರೆ ತಪ್ಪು ಮರಿ ಹಾಕುತ್ತೆ. ಎಲ್ಲವನ್ನೂ ಮೊದಲಿನ ತುದಿಯಿಂದಲೇ ಅಳೆಯಬೇಕು” ಎಂದರು.

ಎರಡನೆಯ ಹಲಗೆಗೆ ಒಂದು ವಾರ ಕೈ ಹಚ್ಚಲಿಲ್ಲ. ಆಮೇಲೆ ನಲವತ್ತೆಂಟು ಅಳತೆಗಳನ್ನೂ ಎರಡು ಅಂಚುಗಳ ಮೂಲದಿಂದಲೇ ಗುರುತಿಸಿ, ಹೊಸ ಬ್ಲೇಡಿನ ಮೊನೆಯಿಂದ ಗೆರೆ ಎಳೆದೆವು. ಗಾಡಿಗಳ ಓರೆ ಒಂದರಂತೆ ಮತ್ತೊಂದಿಲ್ಲವಾದುದರಿಂದ, ಪ್ರತಿ ಗೆರೆಗೂ ನೇರವಾದ ಮರದ ಪಟ್ಟಿಯನ್ನು ಬಿಗಿದು, ಅದಕ್ಕೆ ಒತ್ತಿಕೊಂಡು ಸಣ್ಣ ಗರಗಸದಿಂದ ಕೊಯ್ದೆವು. ಬೀಟೆಯ ಪುಡಿ ಉಸಿರಿಗೂ ಚರ್ಮಕ್ಕೂ ಒಳ್ಳೆಯದಲ್ಲ. ಮುಖಕ್ಕೆ ಮುಸುಕು ಅವಶ್ಯ. ಜರ್ಮನ್ ಸಿಲ್ವರಿನ ಮೆಟ್ಟಿಲು ತಂತಿಯನ್ನು ಗಾಡಿಗಳಲ್ಲಿ ಮೆಲ್ಲನೆ ಬಡಿದು ಕೂರಿಸಿ, ತುದಿಗಳನ್ನು ಅರದಿಂದ ತೀಡಿ ನಯಮಾಡಿದೆವು. ಅಳತೆಪಟ್ಟಿ ಇಟ್ಟಾಗ ಹನ್ನೆರಡನೆಯದು 324ರಲ್ಲಿಯೇ ಇತ್ತು.

ಒಡಲಿಗೆ ಹಲಸು, ಕೊರಳಿಗೆ ಕೊಂಡುತಂದ ಮೇಪಲ್ ಮರ. ಏಳು ತಂತಿಗಳ ಸೆಳೆತ ಒಟ್ಟು 50 ಕಿಲೋಗ್ರಾಮಿನ ಆಸುಪಾಸು ಆಗುವುದರಿಂದ ಕೊರಳು ಬಾಗದಂತೆ ಒಳಗೆ ಉಕ್ಕಿನ ಸರಳನ್ನು ಇಟ್ಟೆವು. ವಿದ್ಯುತ್ ಗಿಟಾರಿನ ದನಿ ಹೊಮ್ಮುವುದು ಪೊಳ್ಳು ಒಡಲಿನಿಂದಲ್ಲ. ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆಯೂ ಇರುವುವು. ಉಕ್ಕಿನ ತಂತಿ ಅದುರಿದಾಗ ಎಳೆಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟಿ, ಧ್ವನಿವರ್ಧಕದಲ್ಲಿ ನಾದವಾಗುವುದು. ಇದನ್ನೂ ಕುದುರೆಗೆ ಹೊಂದುವಂತೆ ಓರೆಯಾಗಿಯೇ ಕೂರಿಸಿದೆವು. ಕುದುರೆಯೂ ಒಂದೇ ತುಂಡಲ್ಲ. ತಂತಿಗೊಂದರಂತೆ ಏಳು, ಹಿಂದುಮುಂದಾಗಿ ಸರಿಸಿ ಶ್ರುತಿಯನ್ನು ಸರಿಪಡಿಸಲು.

ನುಡಿಸುವ ಅನುಭವವನ್ನು ಇದ್ದಂತೆ ಹೇಳಬೇಕು. ಮೊದಲ ಮೂರು ದಿನ ಕಣ್ಣು ಗಲಿಬಿಲಿಗೊಂಡಿತು. ಕಣ್ಣು ಮುಚ್ಚಿದರೆ ಕೈ ದಾರಿ ಕಂಡುಕೊಳ್ಳುತ್ತಿತ್ತು. ಏಳನೆಯ ಮೆಟ್ಟಿಲಿನ ಸುತ್ತಮುತ್ತ ಓರೆ ತಿಳಿಯುವುದೇ ಇಲ್ಲ. ಮೂಳೆಪಟ್ಟಿಯ ಬಳಿ ಒಂದೇ ಬೆರಳಿನಿಂದ ಎಲ್ಲ ತಂತಿಗಳನ್ನೂ ಒತ್ತುವಾಗ ಮಣಿಕಟ್ಟನ್ನು ತಿರುಗಿಸಬೇಕಾಗುವುದು. ಕಡೆಯ ಮೆಟ್ಟಿಲುಗಳಲ್ಲಿಯೂ ಹಾಗೆಯೇ. ಇಷ್ಟನ್ನು ಸಹಿಸಿದವನಿಗೆ ಫಲವುಂಟು: ಏಳನೆಯ ತಂತಿ ಬಿಗಿಯಾಗಿ ನಿಂತು ತಂಬೂರಿಯ ಖರಜದಂತೆ ಸ್ಪಷ್ಟವಾಗಿ ನುಡಿಯುವುದು, ಸಣ್ಣ ತಂತಿ ಬೆರಳಿಗೆ ಮೃದುವಾಗಿಯೇ ಉಳಿಯುವುದು.

ತಾಯಿಯವರು ಒಂದು ದಿನ ಬಂದು ಕುಳಿತು ಕೇಳಿದರು. ಬಳಿಕ ಮೆಟ್ಟಿಲು ಹಲಗೆಯ ಮೇಲೆ ಕೈಯಾಡಿಸಿ, “ಕೆಟ್ಟದ್ದು ಎಲ್ಲಿದೆ?” ಎಂದು ಕೇಳಿದರು. ಅದನ್ನು ಬಚ್ಚಿಟ್ಟಿದ್ದ ನಾವು ನಾಚಿಕೆಯಿಂದಲೇ ತಂದು ಕೊಟ್ಟೆವು. “ಎಸೆಯಬೇಡ. ಕೆಲಸದ ಮೇಜಿನ ಎದುರಿಗೆ ತೂಗುಹಾಕು” ಎಂದು ಮಾತ್ರ ಹೇಳಿದರು. ಅದು ಈಗ ಅಲ್ಲಿಯೇ ಇದೆ. ಮನೆಯಲ್ಲಿ ಮಕ್ಕಳು ಇಂತಹ ಕೆಲಸಕ್ಕೆ ಕೈ ಹಾಕಬಯಸಿದರೆ ಹಿರಿಯರು ಬೇಡವೆನ್ನದಿರಲಿ. ಒಂದು ಹಲಗೆ ಕೆಟ್ಟೀತು. ಎರಡನೆಯದರಲ್ಲಿ ಅವರು ಮೂಲದಿಂದ ಅಳೆಯುವುದನ್ನು ಕಲಿತಾರು.