ಚಹದ ಪರಿಮಳದ ತರಕಾರಿ ಸೂಪು

ಮುಂಬಯಿಯ ಪಂಜಾಬಿ ಅಡಿಗೆಮನೆಗಳಲ್ಲಿ ಕಾಬೂಲಿ ಕಡಲೆ ಬೇಯಿಸುವಾಗ ಚಹದ ಪುಡಿಯನ್ನು ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ ಪಾತ್ರೆಯೊಳಗೆ ಬಿಡುವ ರೂಢಿಯುಂಟು. ಛೋಲೆಗೆ ಆ ಕಪ್ಪು ಬಣ್ಣ ಬರುವುದು ಹೀಗೆ. ಚಹವೆಂದರೆ ಹಾಲು ಸಕ್ಕರೆ ಬೆರೆಸಿ ಕುಡಿಯುವ ಪದಾರ್ಥವೆಂದಷ್ಟೇ ತಿಳಿದ ನಮಗೆ ಇದು ವಿಚಿತ್ರವಾಗಿ ಕಂಡೀತು. ಆದರೆ ಪೂರ್ವದ ನಾಡುಗಳಲ್ಲಿ ಚಹವು ಊಟದ ವಸ್ತುವೂ ಹೌದು. ಬರ್ಮಾ, ಅಂದರೆ ಇಂದಿನ ಮ್ಯಾನ್ಮಾರಿನಲ್ಲಿ, ಹುಳಿಬರಿಸಿದ ಚಹದೆಲೆಯನ್ನೇ ಕೋಸಂಬರಿಯಂತೆ ಕಲಸಿ ತಿನ್ನುತ್ತಾರೆ. ದಕ್ಷಿಣ ಚೀನದ ಹಕ್ಕಾ ಜನರು ಚಹದೆಲೆ, ಎಳ್ಳು, ನೆಲಗಡಲೆಗಳನ್ನು ಅರೆದು, ಬಿಸಿನೀರು ಹೊಯ್ದು, ಅನ್ನ ಮತ್ತು ಬೇಯಿಸಿದ ಸೊಪ್ಪು ತರಕಾರಿಗಳೊಡನೆ ಉಣ್ಣುತ್ತಾರೆ. ಜಪಾನಿನಲ್ಲಿ ಅನ್ನಕ್ಕೆ ಬಿಸಿ ಚಹ ಸುರಿದುಕೊಳ್ಳುವುದು ತೀರ ಸಾಮಾನ್ಯ.

ಈ ಸೂಪನ್ನು ಮಾಡುವುದರಲ್ಲಿ ಕಷ್ಟವೇನೂ ಇಲ್ಲ. ನಾಲ್ವರಿಗೆ 2 ಗಜ್ಜರಿ, ಹತ್ತು ಹನ್ನೆರಡು ಹುರಳಿಕಾಯಿ, 1 ಬಟಾಟೆ, ಒಂದು ಹಿಡಿ ಹೆಚ್ಚಿದ ಕೋಸು ಸಾಕು. 4 ಲೋಟ ನೀರಿಗೆ ಉಪ್ಪು, ಜಜ್ಜಿದ ಶುಂಠಿ ಹಾಕಿ ತರಕಾರಿಯನ್ನು ಮೆತ್ತಗೆ ಬೇಯಿಸಿರಿ. ಆ ನೀರನ್ನು ಬಸಿದು ಚೆಲ್ಲಬಾರದು; ಸೂಪಿನ ಸತ್ವವೆಲ್ಲ ಅದರಲ್ಲಿಯೇ ಇದೆ. ಬೇರೆ ಪಾತ್ರೆಯಲ್ಲಿ ಒಂದು ಚಹದ ಚಮಚ ಎಲೆಚಹಕ್ಕೆ 1 ಲೋಟ ಕುದಿನೀರು ಹೊಯ್ದು, ಮುಚ್ಚಿ, 3 ನಿಮಿಷಕ್ಕೆ ಸೋಸಿಕೊಳ್ಳಬೇಕು. ಸೂಪನ್ನು ಒಲೆಯಿಂದ ಇಳಿಸಿದ ಮೇಲೆ ಇದನ್ನು ಬೆರೆಸಿ, ಮೆಣಸಿನಪುಡಿ ಉದುರಿಸಿ, ಲಿಂಬೆರಸ ಹಿಂಡಿರಿ. ಲಿಂಬೆ ಬೀಳುತ್ತಲೇ ಬಣ್ಣ ತಿಳಿಯಾಗುವುದನ್ನು ಮಕ್ಕಳಿಗೆ ತೋರಿಸಬಹುದು.

ಮೂರು ನಿಮಿಷವೆಂದುದಕ್ಕೆ ಕಾರಣವಿದೆ. ಪರಿಮಳವು ಎಲೆಯಿಂದ ಬೇಗ ಬಿಡುತ್ತದೆ. ಒಗರು ಕೊಡುವ ಟ್ಯಾನಿನ್ ನಿಧಾನವಾಗಿ, ಕುದಿಸಿದಷ್ಟೂ ಹೆಚ್ಚಾಗಿ ಬಿಡುತ್ತದೆ. ನಮ್ಮ ಬೀದಿಯ ‘ಕಟಿಂಗ್’ ಚಹವನ್ನು ಗಳಗಳನೆ ಕುದಿಸುತ್ತಾರಲ್ಲ, ಅಲ್ಲಿ ಒಗರನ್ನು ಹಿಡಿದಿಡಲು ಹಾಲಿದೆ, ಸೂಪಿನಲ್ಲಿ ಇಲ್ಲ. ಡಸ್ಟ್ ಚಹವಂತೂ ಇದಕ್ಕೆ ಸಲ್ಲದು. ನೀಲಗಿರಿಯ ಎಲೆಚಹ ಹೊಂದುತ್ತದೆ. ಕಬ್ಬಿಣದ ಬಾಣಲೆಯನ್ನೂ ದೂರವಿಡಿರಿ: ಟ್ಯಾನಿನ್ ಕಬ್ಬಿಣದೊಡನೆ ಕೂಡಿ ಶಾಯಿಯಂತೆ ಕಪ್ಪಾಗುತ್ತದೆ.

ಇದೇ ಕೂಡಿಕೆ ನಮ್ಮ ಹೊಟ್ಟೆಯಲ್ಲಿಯೂ ನಡೆಯುತ್ತದೆ, ಮತ್ತು ಇದು ಬಾಣಲೆಯ ಬಣ್ಣಕ್ಕಿಂತ ದೊಡ್ಡ ಸಂಗತಿ. ಊಟದ ಜೊತೆ ಚಹ ಸೇರಿದರೆ ಸೊಪ್ಪು, ಕಾಳು, ಧಾನ್ಯಗಳಲ್ಲಿರುವ ಕಬ್ಬಿಣದ ಅಂಶ ದೇಹಕ್ಕೆ ಹತ್ತುವುದು ಅರ್ಧಕ್ಕಿಂತಲೂ ಕಡಿಮೆಯಾಗಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ಶಾಕಾಹಾರಿಗಳ ಮನೆಯಲ್ಲಿ ಕಬ್ಬಿಣ ಬರುವುದೇ ಸೊಪ್ಪು ಕಾಳುಗಳಿಂದ. ಲಿಂಬೆರಸ ಈ ನಷ್ಟವನ್ನು ತುಸು ತುಂಬಿಕೊಡುತ್ತದೆ, ಪೂರ್ತಿಯಲ್ಲ. ಆದುದರಿಂದ ಬಸುರಿಯರು, ಬಾಣಂತಿಯರು, ರಕ್ತ ಕಡಿಮೆಯೆಂದು ಡಾಕ್ಟರು ಹೇಳಿದವರು ಈ ಸೂಪನ್ನು ಊಟದೊಡನೆ ಕುಡಿಯದಿರುವುದೇ ಲೇಸು. ಕಬ್ಬಿಣದ ಮಾತ್ರೆಯ ಜೊತೆಗಂತೂ ಬೇಡವೇ ಬೇಡ. ಉಳಿದವರು ಸಂಜೆ, ಊಟಕ್ಕೆ ಒಂದೆರಡು ತಾಸು ಮುಂಚೆ ಕುಡಿಯಬಹುದು.

ಹಾಗೆಂದು ಅವರು ಪರಿಮಳಕ್ಕೆ ಎರವಾಗಬೇಕಿಲ್ಲ. ಬಾಂದ್ರಾದ ಪಾಲಿ ಮಾರ್ಕೆಟಿನಲ್ಲಾಗಲಿ, ಸ್ಟೇಶನ್ ಬಳಿಯ ತರಕಾರಿಯವರಲ್ಲಾಗಲಿ, ಪುದೀನ ಶುಂಠಿಗಳ ಪಕ್ಕದಲ್ಲಿ ‘ಗವತಿ ಚಹಾ’ ಎಂಬ ಉದ್ದೆಲೆಯ ಕಟ್ಟು ಸಿಗುತ್ತದೆ. ಹೆಸರಿಗೆ ಮಾತ್ರ ಚಹ. ನಮ್ಮ ಊರ ಕಡೆಯ ಮಜ್ಜಿಗೆ ಹುಲ್ಲೇ ಇದು. ಲಿಂಬೆಸಿಪ್ಪೆಯಲ್ಲಿರುವ ಸಿಟ್ರಲ್ ಎಂಬ ಎಣ್ಣೆಯೇ ಇದರ ವಾಸನೆಗೂ ಕಾರಣ. ನಾಲ್ಕು ಎಲೆಗಳನ್ನು ತೊಳೆದು, ಗಂಟುಹಾಕಿ, ತರಕಾರಿ ಬೇಯುವಾಗಲೇ ಬಿಟ್ಟು ಕೊನೆಗೆ ತೆಗೆದುಹಾಕಿದರಾಯಿತು. ಇದು ಕುದಿದರೂ ಚಹದಂತೆ ಒಗರಾಗುವುದಿಲ್ಲ. ನನ್ನನ್ನು ಕೇಳಿದರೆ ತೊಗರಿಬೇಳೆಯ ತಿಳಿಗೆ ಅಸಲು ಚಹಕ್ಕಿಂತ ಈ ಹುಲ್ಲೇ ಹೆಚ್ಚು ಒಪ್ಪುತ್ತದೆ.

ಚಹ ಬೆರೆಸಿದ ಸೂಪನ್ನು ಮರುದಿನಕ್ಕೆ ಉಳಿಸಬೇಡಿರಿ. ಮತ್ತೆ ಕಾಯಿಸಿದರೆ ಕಹಿ ಮಿಕ್ಕು ಪರಿಮಳ ಹೋಗುತ್ತದೆ. ತರಕಾರಿಯ ನೀರನ್ನು ಬೇರೆಯಾಗಿಟ್ಟು, ಬೇಕಾದಾಗ ಹೊಸ ಚಹ ಸೋಸಿ ಬೆರೆಸಿಕೊಳ್ಳಬಹುದು.